ವೃದ್ಧವೃಕ್ಷಗಳ ಪೋಷಣೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಗೆ ಕೆಲವು ಮೈಲಿ ಒಳಗೆ, ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಸುಮಾರು 400 ವರ್ಷ ವಯಸ್ಸಿನದೆಂದು ಹೇಳಲಾಗುವ ಈ ವೃಕ್ಷವು 3 ಎಕರೆಗಳಷ್ಟು ನೆಲವನ್ನಾವರಿಸಿ ನಿಂತಿರುವುದು. ಅದರಡಿಯಲ್ಲಿ ನಡೆಯುವವರಿಗೆ ನೂರಾರು ಕಂಬಗಳ ಮಂಟಪವೊಂದನ್ನು ಹೊಕ್ಕಂತಾಗುವುದು.

ಆದರೆ ಈ ಮರದಿಂದ ನಾವು ಕಲಿಯತಕ್ಕ ಪಾಠವು ಅದರ ಗಾತ್ರದಲ್ಲಿಲ್ಲ. ಅದರ ಮೂಲಕಾಂಡವು ಈಗ ಇಲ್ಲವೇ ಇಲ್ಲ. 2000ನೆಯ ಇಸವಿಯ ಸುಮಾರಿಗೆ ರೋಗಕ್ಕೆ ತುತ್ತಾಗಿ ಅದು ನಾಶವಾಯಿತು. ಆದರೂ ಮರ ಬದುಕಿದೆ. ಏಕೆಂದರೆ ಕೊಂಬೆಗಳಿಂದಿಳಿದ ಬಿಳಲುಗಳು ಅದಕ್ಕೆ ಮೊದಲೇ ಮಣ್ಣನ್ನು ಮುಟ್ಟಿ, ಬೇರುಬಿಟ್ಟು, ತಾವೇ ಕಾಂಡಗಳಾಗಿದ್ದುವು. ಅವುಗಳಿಗೆ ಬರಿಯ ನೆಲವು ದೊರೆಯದೆ ಹೋಗಿದ್ದರೆ ತಾಯಿಯೊಡನೆಯೇ ಮಕ್ಕಳೂ ಅಳಿಯುತ್ತಿದ್ದುವಲ್ಲವೆ?

ಮರವನ್ನು ಕೊಲ್ಲುವುದಕ್ಕೆ ಕೊಡಲಿಯೇ ಬೇಕೆಂದಿಲ್ಲ. ಬೇರುಗಳಿಗೂ ಉಸಿರುಂಟು, ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದಲೇ ಅವು ಜೀವಿಸುವುವು. ನಮ್ಮ ಹಿರಿಯರು ಅರಳಿಯ ಸುತ್ತ ಕಲ್ಲಿನ ಕಟ್ಟೆಯನ್ನು ಕಟ್ಟಿದರೂ ಒಳಗೆ ಮಣ್ಣನ್ನೇ ತುಂಬಿ, ಮಳೆಯ ನೀರು ಇಂಗುವಂತೆ ಬಿಡುತ್ತಿದ್ದರು. ಈಗಲಾದರೋ, ಚೊಕ್ಕಟವಾಗಿರಲೆಂದು ಬುಡದವರೆಗೂ ಸಿಮೆಂಟನ್ನು ಬಳಿಯುವುದುಂಟು. ಭಕ್ತಿಯಿಂದ ಮಾಡಿದರೂ ಅದು ಮರದ ಕುತ್ತಿಗೆಯನ್ನು ಹಿಸುಕಿದಂತೆಯೇ ಸರಿ.

ನೆಲದೊಡನೆ ಮರವನ್ನು ಕಾಯುವ ಸನ್ಮಾರ್ಗಕ್ಕೆ ದೇವನಹಳ್ಳಿಯ ಬಳಿಯ ನಲ್ಲೂರು ಒಂದು ನಿದರ್ಶನ. ಅಲ್ಲಿ 50ಕ್ಕೂ ಹೆಚ್ಚು ಎಕರೆಗಳಲ್ಲಿ ಸುಮಾರು 300 ಹುಣಸೆಯ ಮರಗಳ ಪುರಾತನವಾದ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಈ ಮನ್ನಣೆಯನ್ನು ಮೊದಲು ಪಡೆದುದು ಅದೇ. ಒಂದೊಂದು ಮರಕ್ಕಲ್ಲದೆ ಇಡಿಯ ತೋಪಿಗೇ ರಕ್ಷಣೆಯು ದೊರೆತುದು ಸಮಂಜಸವಾಗಿದೆ. ಮರಗಳನ್ನು ಕಡಿಯುವುದರ ಮೇಲೆ ಕರ್ನಾಟಕದಲ್ಲಿ 1976ರ ಶಾಸನದ ಕಟ್ಟುಪಾಡುಗಳೂ ಉಂಟು.

ಆದರೆ ಶಾಸನದ ಕಣ್ಣು ಪ್ರತಿಯೊಂದು ಕಟ್ಟೆಯ ಮೇಲೂ ಇರಲಾರದು. ನೆರೆಯ ಗೃಹಸ್ಥರ ಕಣ್ಣಿರಬಹುದು. ಬುಡದಲ್ಲಿ ಕಸಕ್ಕೆ ಬೆಂಕಿಯಿಡದಿರುವುದು, ಫಲಕಗಳಿಗಾಗಿ ಮೊಳೆ ಹೊಡೆಯದಿರುವುದು, ಇಳಿಯುವ ಬಿಳಲನ್ನು ಕತ್ತರಿಸದಿರುವುದು, ಸುತ್ತಲೂ ಕೆಲವು ಮೊಳದಷ್ಟಾದರೂ ಮಣ್ಣನ್ನು ತೆರೆದಿಡುವುದು—ಇವಾವುದಕ್ಕೂ ಹಣದ ವೆಚ್ಚವಿಲ್ಲ. ನಾಲ್ಕು ತಲೆಮಾರುಗಳಿಗೆ ನೆರಳಿತ್ತ ಮರವು ಐದನೆಯದಕ್ಕೂ ಉಳಿಯಬೇಕಾದರೆ ಇಷ್ಟನ್ನಾದರೂ ನಾವು ಮಾಡತಕ್ಕುದು.