ಎದೆನೋವು, ರಕ್ತಪರೀಕ್ಷೆ ಮತ್ತು ಗಡಿಯಾರ

ನಡುರಾತ್ರಿ ಎದೆಯಲ್ಲಿ ಭಾರ, ಮೈತುಂಬ ಬೆವರು. ಕರಾವಳಿಯ ಮನೆಗಳಲ್ಲಿ ಇದಕ್ಕೆ ಸಿಗುವ ಮೊದಲ ಹೆಸರು ‘ಗ್ಯಾಸ್’. ಸೋಡಾ, ಕಷಾಯ, ಮುರುಗಲು ಪಾನಕಗಳಲ್ಲಿ ಒಂದು ತಾಸು ಕಳೆಯುತ್ತದೆ. ಆಮೇಲೆ ಆಸ್ಪತ್ರೆ, ಇಸಿಜಿ, ರಕ್ತಪರೀಕ್ಷೆ. ‘ಟ್ರೋಪೋನಿನ್ ನೆಗೆಟಿವ್’ ಎಂಬ ಚೀಟಿ ಕೈಗೆ ಬಂದೊಡನೆ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾಗಳಂಥ ಊರುಗಳಲ್ಲಿ ಆತಂಕಪಡಬೇಕಾದದ್ದು ಈ ನೆಮ್ಮದಿಯ ಬಗ್ಗೆಯೇ.

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿರುವ ಪ್ರೋಟೀನು. ರಕ್ತ ಸಿಗದೆ ಸ್ನಾಯುಕೋಶಗಳು ಸಾಯತೊಡಗಿದಾಗ ಅದು ಸೋರಿ ರಕ್ತಕ್ಕೆ ಸೇರುತ್ತದೆ. ಆದರೆ ತಕ್ಷಣವೇ ಅಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಲು ನೋವು ಶುರುವಾಗಿ ಮೂರರಿಂದ ಆರು ತಾಸು ಬೇಕು. ಕಾರ್ಡಿನ ಮೇಲೆ ಗೆರೆ ಮೂಡಿಸುವ ಅಗ್ಗದ ಪರೀಕ್ಷೆಗಳಿಗೆ ಇನ್ನೂ ತಡವಾಗಬಹುದು. ಹೀಗಾಗಿ ಒಂದು ವಿಪರ್ಯಾಸ ಉಂಟಾಗುತ್ತದೆ. ಕಡಲಲ್ಲಿ ಬಲೆ ಎಳೆಯುವಾಗ ಎದೆ ಹಿಡಿದುಕೊಂಡು, ದೋಣಿ ದಡ ಸೇರಿ ಆಸ್ಪತ್ರೆ ತಲುಪುವಷ್ಟರಲ್ಲಿ ಏಳು ತಾಸು ಕಳೆದ ಮೀನುಗಾರನ ರಕ್ತ ನಿಜ ಹೇಳುತ್ತದೆ. ಆಸ್ಪತ್ರೆಯ ಪಕ್ಕದ ಬೀದಿಯಿಂದ ಅರ್ಧ ತಾಸಿನಲ್ಲಿ ಓಡಿಬಂದ ಜಾಗರೂಕ ಗುಮಾಸ್ತನ ರಕ್ತ ಸುಮ್ಮನಿರುತ್ತದೆ. ಬೇಗ ಬಂದವನನ್ನೇ ಪರೀಕ್ಷೆ ಮನೆಗೆ ಕಳುಹಿಸಿಬಿಡುವ ಅಪಾಯವಿದೆ!

ಆದ್ದರಿಂದಲೇ ಎರಡನೆಯ ಬಾರಿ ರಕ್ತ ತೆಗೆಯಬೇಕು. ನೋಡಬೇಕಾದದ್ದು ಅಂಕಿ ಒಂದನ್ನೇ ಅಲ್ಲ, ಅದರ ಏರಿಳಿತವನ್ನು. ಮೂತ್ರಪಿಂಡದ ಕಾಯಿಲೆ, ತೀವ್ರ ಸೋಂಕು, ಹೃದಯಸ್ನಾಯುವಿನ ಉರಿಯೂತಗಳಲ್ಲೂ ಟ್ರೋಪೋನಿನ್ ಹೆಚ್ಚಿರುತ್ತದೆ. ಅತಿಸೂಕ್ಷ್ಮ ಪರೀಕ್ಷೆಯಿರುವಲ್ಲಿ ಒಂದರಿಂದ ಮೂರು ತಾಸಿನೊಳಗೆ ಎರಡನೆಯ ಮಾದರಿ ಸಾಕು. ಇಲ್ಲದಿದ್ದರೆ ಆರು ತಾಸು ಕಾಯಬೇಕಾಗಬಹುದು.

1954ರಲ್ಲಿ ಅಮೆರಿಕದ ವೈದ್ಯರು ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ಗುರುತಿಸಿದರು. ಇಂದು ಅದೇ ಹೆಸರನ್ನು ನಾವು ಯಕೃತ್ತಿನ ವರದಿಯಲ್ಲಿ ಓದುತ್ತೇವೆ. ಮುಂದೆ ಸಿಕೆ-ಎಂಬಿ ಬಂತು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು ಹೃದಯಾಘಾತದ ವ್ಯಾಖ್ಯೆಯ ಕೇಂದ್ರದಲ್ಲಿ ಟ್ರೋಪೋನಿನ್ ಅನ್ನು ಇಟ್ಟವು. ಅಷ್ಟಾದರೂ ಮೊದಲ ಸ್ಥಾನ ಇಸಿಜಿಯದೇ. ಆಸ್ಪತ್ರೆಗೆ ಬಂದ ಹತ್ತು ನಿಮಿಷದೊಳಗೆ ಅದು ಆಗಬೇಕು. ರಕ್ತನಾಳ ಪೂರ್ಣ ಮುಚ್ಚಿರುವುದನ್ನು ಇಸಿಜಿ ತೋರಿಸಿದರೆ ರಕ್ತದ ವರದಿಗೆ ಕಾಯುವುದು ಸ್ನಾಯುವನ್ನು ಕಳೆದುಕೊಂಡಂತೆ. ಇಸಿಜಿ ಸ್ಪಷ್ಟವಾಗಿಲ್ಲದಾಗಲೇ ಟ್ರೋಪೋನಿನ್‌ನ ಸರದಿ.

ಮಹಾನಗರದಲ್ಲಿ ಈ ತಪ್ಪು ತಿದ್ದಿಕೊಳ್ಳಲು ಅವಕಾಶವಿದೆ. ನೋವು ಮರುಕಳಿಸಿದರೆ ಆಟೊ ಹತ್ತಿದರಾಯಿತು. ಇಲ್ಲಿಯ ಲೆಕ್ಕ ಬೇರೆ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿ.ಮೀ.; ಕುಮಟಾದಿಂದ 150ರ ಹತ್ತಿರ. ಹುಬ್ಬಳ್ಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ರೋಗಿಯೂ ಜತೆಗಿದ್ದವರೂ ಪ್ರಾಣ ಕಳೆದುಕೊಂಡ ದೃಶ್ಯ ಜಿಲ್ಲೆಯ ಜನರ ಕಣ್ಣಿನಿಂದ ಮರೆಯಾಗಿಲ್ಲ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅಂದು ಮತ್ತೆ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಎರಡನೆಯ ಬಾರಿ ರಕ್ತ ತೆಗೆಯಲು ದೊಡ್ಡ ಕಟ್ಟಡದ ಶಂಕುಸ್ಥಾಪನೆಗೆ ಕಾಯಬೇಕಿಲ್ಲ.

ಇಸಿಜಿಯ ವಿಷಯದಲ್ಲಿ ದಾರಿ ತೋರಿಸಿದವರಿದ್ದಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಅಲ್ಲಿಯ ವೈದ್ಯರಿಗೆ ಸಲಹೆ ದೊರಕುವಂತೆ ಮಾಡಿದರು. 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಸರ್ಕಾರಿ ಯೋಜನೆ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ತಜ್ಞರಿಗೆ ತಲುಪಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುತ್ತದೆ. ರಕ್ತಪರೀಕ್ಷೆಗೂ ಇಂಥದೇ ಶಿಸ್ತು ಬೇಕು.

ಒಂದು ಸಣ್ಣ ತೊಡಕನ್ನಂತೂ ನಾಳೆಯೇ ನಿವಾರಿಸಬಹುದು. ಕೆಲವು ಪ್ರಯೋಗಾಲಯಗಳು ಟ್ರೋಪೋನಿನ್ ಅನ್ನು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದೂ, ಕೆಲವು ಲೀಟರಿಗೆ ಇಷ್ಟು ಎಂದೂ ಬರೆಯುತ್ತವೆ. ಒಂದರ 0.04 ಇನ್ನೊಂದರ 40. ಟ್ರೋಪೋನಿನ್ ಐ, ಟ್ರೋಪೋನಿನ್ ಟಿ ಅಂಕಿಗಳನ್ನು ಪರಸ್ಪರ ಹೋಲಿಸುವಂತೆಯೂ ಇಲ್ಲ. ಆದ್ದರಿಂದ ಭಟ್ಕಳದಿಂದ ಮಣಿಪಾಲಕ್ಕೆ ಹೊರಡುವ ಚೀಟಿಯಲ್ಲಿ ಪರೀಕ್ಷೆಯ ಹೆಸರು, ಮಾನ, ರಕ್ತ ತೆಗೆದ ಸಮಯ, ಇವೆಲ್ಲಕ್ಕೂ ಮೊದಲು ನೋವು ಶುರುವಾದ ಸಮಯ ಇರಬೇಕು. ಈ ಕೊನೆಯದನ್ನು ಹೇಳಬೇಕಾದವರು ಮನೆಯವರು. ಸೋಡಾ ಕುಡಿಸಿದ ಆ ಒಂದು ತಾಸನ್ನೂ ಸೇರಿಸಿ.