ಅಜ್ಜನಿಗೆ ದಾರಿ ತಪ್ಪಿದ್ದು ಎಲ್ಲಿ?

ಹೋದ ವರ್ಷ ಶ್ರಾವಣದ ಒಂದು ಸಂಜೆ. ಸಾರಿಗೆ ಕೊತ್ತಂಬರಿ ಸೊಪ್ಪು ಇರಲಿಲ್ಲ. "ಹತ್ತೇ ನಿಮಿಷ, ತಂದುಬಿಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ ನಮ್ಮ ಯಜಮಾನರು ಎರಡು ಗಂಟೆಯಾದರೂ ಬರಲಿಲ್ಲ. ಅವರ ಮೊಬೈಲು ಟೀವಿ ಪಕ್ಕದಲ್ಲೇ ಕೂತಿತ್ತು. ಮಗ ಸ್ಕೂಟರ್ ಹತ್ತಿ ಬೀದಿ ಬೀದಿ ಹುಡುಕಿದ. ಕೊನೆಗೆ ಅವರು ಸಿಕ್ಕಿದ್ದು ಎರಡು ರಸ್ತೆ ಆಚೆ, ನಮ್ಮದರಂತೆಯೇ ಕಾಣುವ ಇನ್ನೊಂದು ಅಪಾರ್ಟ್‌ಮೆಂಟಿನ ಗೇಟಿನ ಬಳಿ. ಅಲ್ಲಿನ ಕಾವಲುಗಾರ ಪುಣ್ಯಾತ್ಮ ತನ್ನ ಕುರ್ಚಿ ಕೊಟ್ಟು ಕೂರಿಸಿದ್ದ. ಕೈಯಲ್ಲಿ ಬಾಡಿದ ಕೊತ್ತಂಬರಿ ಕಟ್ಟು.

ನನ್ನ ಗಾಬರಿಯೆಲ್ಲ ಸಿಟ್ಟಾಗಿ ಹೊರಬಿತ್ತು. "ಗಮನ ಎಲ್ಲಿರತ್ತೆ ನಿಮಗೆ?" ಎಂದು ಎಲ್ಲರೆದುರೇ ರೇಗಿಬಿಟ್ಟೆ. ಅವರು ಏನೂ ಹೇಳಲಿಲ್ಲ. ಸೊಪ್ಪನ್ನು ಅಡುಗೆಕಟ್ಟೆಯ ಮೇಲಿಟ್ಟು ಕೋಣೆಗೆ ಹೋದರು.

ರಾತ್ರಿ ಪಕ್ಕದಲ್ಲಿ ಮಲಗಿದ ಮೊಮ್ಮಗಳು ಪಿಸುಗುಟ್ಟಿದಳು. ಅವಳು ಆರನೇ ಕ್ಲಾಸು. "ಅಜ್ಜಿ, ಅಜ್ಜ ತೀರ್ಥಹಳ್ಳಿ ಕಡೆ ಶಾಲೆಗೆ ಹೋಗ್ತಿದ್ದ ದಾರಿ ಹೇಳ್ತಾರಲ್ಲ, ಉಣುಗೋಲು, ಸಂಕ, ಹಲಸಿನ ಮರ ಅಂತ ಒಂದೂ ಬಿಡಲ್ಲ. ಅಷ್ಟು ಹಳೇ ದಾರಿ ನೆನಪಿರೋರಿಗೆ ಮನೆ ಹಿಂದಿನ ಅಂಗಡಿ ದಾರಿ ಹೇಗೆ ಮರೀತು?"

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಹಿರಿಮೆದುಳು, ಕಿರುಮೆದುಳು, ಮಣಿಶಿರ ಎಂದು ಬೋರ್ಡಿನ ಮೇಲೆ ಚಿತ್ರ ಬರೆದದ್ದಕ್ಕೆ ಲೆಕ್ಕವಿಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. "ಇಬ್ಬರೂ ಸೇರಿ ಹುಡುಕೋಣ" ಎಂದೆ. ಆಮೇಲಿನ ತಿಂಗಳುಗಳಲ್ಲಿ ನಾವಿಬ್ಬರೂ ಓದಿ ತಿಳಿದದ್ದನ್ನು, ನಮ್ಮಂಥ ಮನೆಗಳು ಇನ್ನೂ ಇರಬಹುದು ಎಂದುಕೊಂಡು, ಇಲ್ಲಿ ಹೇಳುತ್ತಿದ್ದೇನೆ.

ಇಲಿ ಬಿಟ್ಟುಕೊಟ್ಟ ಗುಟ್ಟು

ಎರಡೂ ಕಿವಿಗಳ ಒಳಗೆ, ಮೆದುಳಿನ ಆಳದಲ್ಲಿ, ಬಾಗಿದ ಒಂದೊಂದು ಪುಟ್ಟ ಭಾಗವಿದೆ. ಹೆಸರು ಹಿಪೊಕ್ಯಾಂಪಸ್. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಡಲ ಕುದುರೆ. ಬಿಡಿಸಿ ತೆಗೆದರೆ ಅದರ ಆಕಾರವೂ ಹಾಗೆಯೇ ಕಾಣುತ್ತದೆ.

1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ಇಲಿಗಳ ಹಿಪೊಕ್ಯಾಂಪಸ್ಸಿಗೆ ಕೂದಲಿನಷ್ಟು ತೆಳುವಾದ ತಂತಿ ಸೇರಿಸಿ, ಒಂದೊಂದು ನರಕೋಶದ ವಿದ್ಯುತ್ ಮಿಡಿತವನ್ನು ಆಲಿಸಿದರು. ಇಲಿ ಓಡಾಡುತ್ತಿದ್ದಾಗ ವಿಚಿತ್ರವೊಂದು ಕಂಡಿತು. ಒಂದು ನರಕೋಶ ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚಟಪಟನೆ ಮಿಡಿಯುತ್ತಿತ್ತು. ಇನ್ನೊಂದಕ್ಕೆ ಬೇರೆ ಜಾಗ, ಮತ್ತೊಂದಕ್ಕೆ ಮತ್ತೊಂದು. ನನ್ನ ತರಗತಿಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ತಮ್ಮ ಹೆಸರಿಗೆ ಮಾತ್ರ "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದರಲ್ಲ, ಹಾಗೆ! ಯಾವ ಕೋಶ ಕೂಗಿತು ಎಂದು ಕೇಳಿಸಿಕೊಂಡರೆ ಸಾಕು, ಇಲಿ ಎಲ್ಲಿದೆ ಎಂದು ನೋಡದೆಯೇ ಹೇಳಬಹುದು. ಇವುಗಳಿಗೆ ಸ್ಥಳಕೋಶಗಳು ಎಂದು ಹೆಸರಾಯಿತು.

1994ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಓಡಾಡುವಾಗ ಜೊತೆಜೊತೆಯಾಗಿ ಮಿಡಿದ ಸ್ಥಳಕೋಶಗಳು, ಇಲಿ ಆಮೇಲೆ ನಿದ್ದೆ ಮಾಡುವಾಗಲೂ ಜೊತೆಜೊತೆಯಾಗಿ ಮಿಡಿಯುತ್ತಿದ್ದವು. ದಿನದ ದಾರಿಯನ್ನು ಮೆದುಳು ರಾತ್ರಿ ಮತ್ತೊಮ್ಮೆ ಮಗ್ಗಿಯಂತೆ ಹೇಳಿಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ ಎಂದು ನಾವು ಮೇಷ್ಟರುಗಳು ಬಡಿದುಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ, ಮಕ್ಕಳೇ.

ಮೆದುಳು ಇಡುವ ಚುಕ್ಕಿ

ನಾನು ಇಲ್ಲಿದ್ದೇನೆ ಎಂದು ಗೊತ್ತಾದರೆ ಸಾಲದು. ಎಷ್ಟು ದೂರ ಬಂದೆ, ಯಾವ ಕಡೆಗೆ ತಿರುಗಿದೆ ಎಂಬ ಲೆಕ್ಕವೂ ಬೇಕಲ್ಲ?

2005ರಲ್ಲಿ ನಾರ್ವೆ ದೇಶದ ಟ್ರೊಂಡ್‌ಹೈಮ್ ಊರಿನಲ್ಲಿ ಮೈ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ಸಂಗಡಿಗರು ಹಿಪೊಕ್ಯಾಂಪಸ್ಸಿನ ಪಕ್ಕದ ಭಾಗದಲ್ಲಿ ಬೇರೊಂದು ಬಗೆಯ ಕೋಶಗಳನ್ನು ಕಂಡುಹಿಡಿದರು. ಆ ಭಾಗದ ಹೆಸರು ಎಂಟೊರೈನಲ್ ಕಾರ್ಟೆಕ್ಸ್. ಹೆಸರು ಬಾಯಿಗೆ ತೊಡಕು. ಹಿಪೊಕ್ಯಾಂಪಸ್ ನಡುಮನೆಯಾದರೆ ಇದನ್ನು ಅದರ ಪಡಸಾಲೆ ಎಂದುಕೊಳ್ಳಿ. ಹೊರಗಿನ ಸುದ್ದಿ ಬಹುಪಾಲು ಇದನ್ನು ದಾಟಿಯೇ ಒಳಗೆ ಹೋಗಬೇಕು.

ಇಲ್ಲಿನ ಒಂದೊಂದು ಕೋಶವೂ ಒಂದೇ ಜಾಗಕ್ಕಲ್ಲ, ಹಲವು ಜಾಗಗಳಿಗೆ ಮಿಡಿಯುತ್ತಿತ್ತು. ಆ ಜಾಗಗಳನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿದಾಗ ಸಮನಾದ ಅಂತರದ ಚುಕ್ಕಿಗಳ ಜಾಲ ಮೂಡಿತು. ಮೊಮ್ಮಗಳು ಆ ಚಿತ್ರ ತೋರಿಸಿದಾಗ ನನಗೆ ನಗು ಬಂತು. ಬಾಗಿಲ ಮುಂದೆ ರಂಗೋಲಿಗೆ ಚುಕ್ಕಿ ಇಡುವಾಗ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಇಡುತ್ತೇವಲ್ಲ, ಅದೇ ಲೆಕ್ಕ! ಒಂದು ಚುಕ್ಕಿಯ ಸುತ್ತ ಆರು ಚುಕ್ಕಿ, ಜೇನುಗೂಡಿನಂತೆ. ಈ ಗ್ರಿಡ್ ಕೋಶಗಳು ನೆಲದ ಮೇಲೆ ಕಣ್ಣಿಗೆ ಕಾಣದ ರಂಗೋಲಿ ಹಾಕಿ ದೂರ ಅಳೆಯುತ್ತವೆ.

ಮುಖ ಯಾವ ದಿಕ್ಕಿಗಿದೆ ಎಂದು ಹೇಳುವ ಕೋಶಗಳೂ ಇವೆ. ಅವು ಇಲಿಗಳಲ್ಲಿ ಕಂಡದ್ದು 1984ರಲ್ಲಿ. ಮನುಷ್ಯರಲ್ಲಿ? ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆಂದು ಮೆದುಳಿನಲ್ಲಿ ತಂತಿ ಇರಿಸಿಕೊಂಡಿದ್ದ ರೋಗಿಗಳು, ಒಪ್ಪಿಗೆ ಕೊಟ್ಟು, ದಾರಿ ಹುಡುಕುವ ಕಂಪ್ಯೂಟರ್ ಆಟ ಆಡಿದರು. ಅವರಲ್ಲಿಯೂ ಗ್ರಿಡ್ ಕೋಶದಂಥವು ಇರುವುದು 2013ರಲ್ಲಿ ವರದಿಯಾಯಿತು. ಓಕೀಫ್ ಮತ್ತು ಇಬ್ಬರು ಮೋಸರ್‌ಗಳಿಗೆ 2014ರ ನೊಬೆಲ್ ಬಹುಮಾನ ಬಂದದ್ದು ತಲೆಯೊಳಗಿನ ಈ ನಕಾಶೆಯನ್ನು ಕಂಡುಹಿಡಿದದ್ದಕ್ಕೆ.

ಗಸಗಸೆಯಷ್ಟು ಮೆದುಳು

ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟಾಣಿ ಹಣ್ಣುನೊಣ ಗೊತ್ತಲ್ಲ? ಅದರ ಮೆದುಳು ಗಸಗಸೆ ಕಾಳಿನಷ್ಟು. ಅದರೊಳಗೂ ದಿಕ್ಸೂಚಿಯಿದೆ. ಅದು ಕೋಡುಬಳೆಯ ಆಕಾರದಲ್ಲಿದೆ! 2015ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಯೊಹಾನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ ನೋಡಿದರು: ನೊಣ ತಿರುಗಿದಂತೆಲ್ಲ ಆ ಬಳೆಯಲ್ಲಿ ನರಕೋಶಗಳು ಮಿಡಿಯುವ ಜಾಗವೂ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ದೀಪ ಆರಿಸಿ ಕತ್ತಲೆ ಮಾಡಿದರೂ ಸುತ್ತುವುದು ನಿಲ್ಲಲಿಲ್ಲ.

2024ರಲ್ಲಿ ಇನ್ನೂ ದೊಡ್ಡ ಕೆಲಸವಾಯಿತು. ಬೆಳೆದ ಹಣ್ಣುನೊಣದ ಇಡೀ ಮೆದುಳನ್ನು ಸಾವಿರಾರು ತೆಳು ಪದರಗಳಾಗಿ ಕತ್ತರಿಸಿ ತೆಗೆದಿದ್ದ ಚಿತ್ರಗಳಿಂದ, ಕಂಪ್ಯೂಟರ್ ಮತ್ತು ನೂರಾರು ಜನರ ಕಣ್ಣು ಸೇರಿ, ಪೂರ್ತಿ ಜೋಡಣೆಯ ನಕಾಶೆ ಸಿದ್ಧವಾಯಿತು. ನರಕೋಶಗಳು 1,39,255. ಅವುಗಳ ನಡುವಿನ ಕೊಂಡಿಗಳು ಐದು ಕೋಟಿಗೂ ಹೆಚ್ಚು. ಗಸಗಸೆಯಷ್ಟರಲ್ಲಿ! ಮನುಷ್ಯರ ಮೆದುಳಿನಲ್ಲಿ ನರಕೋಶಗಳೇ ಸುಮಾರು 8,600 ಕೋಟಿ. ಯಾವ ಕೋಶ ಯಾವುದಕ್ಕೆ ಕೊಂಡಿಯಾಗಿದೆ ಎಂದು ತಿಳಿದರೆ, ದಾರಿ ಹುಡುಕುವಂಥ ನಡತೆ ಹೇಗೆ ಹುಟ್ಟುತ್ತದೆ, ಎಲ್ಲಿ ಕಡಿಯುತ್ತದೆ ಎಂದು ಕೇಳಬಹುದು. ವಿಜ್ಞಾನಿಗಳು ನೊಣದಿಂದ ಶುರುಮಾಡಿರುವುದು ಅದಕ್ಕೇ.

ಟ್ಯಾಕ್ಸಿಯವರು, ಬಸ್ಸಿನವರು

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವುದೆಂದರೆ ಹುಡುಗಾಟವಲ್ಲ. ಚೇರಿಂಗ್ ಕ್ರಾಸ್ ಎಂಬಲ್ಲಿಂದ ಸುತ್ತಲಿನ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಎಲೀನರ್ ಮ್ಯಾಗ್ವೈರ್ ಎಂಬ ವಿಜ್ಞಾನಿ 2000ದಲ್ಲಿ ಇವರ ಮೆದುಳಿನ ಸ್ಕ್ಯಾನ್ ನೋಡಿದಾಗ ಹಿಪೊಕ್ಯಾಂಪಸ್ಸಿನ ಹಿಂಭಾಗ ಉಳಿದವರಿಗಿಂತ ದೊಡ್ಡದಿತ್ತು. ಹುಟ್ಟುವಾಗಲೇ ಹಾಗಿತ್ತೋ, ಕಲಿತು ಹಾಗಾಯಿತೋ? 2011ರಲ್ಲಿ ಉತ್ತರ ಸಿಕ್ಕಿತು. ಕಲಿಯಲು ಸೇರಿದ 79 ಜನರಲ್ಲಿ 39 ಮಂದಿ ಪಾಸಾದರು. ಮೊದಲು ಎಲ್ಲರ ಮೆದುಳೂ ಒಂದೇ ತರ ಇತ್ತು. ಆ ಭಾಗ ಬೆಳೆದದ್ದು ಪಾಸಾದವರಲ್ಲಿ ಮಾತ್ರ.

ಇನ್ನೊಂದು ಮಾತು. ದಿನವೂ ಒಂದೇ ದಾರಿಯಲ್ಲಿ ಹೋಗಿಬರುವ ಬಸ್ ಚಾಲಕರನ್ನು ಅದೇ ತಂಡ 2006ರಲ್ಲಿ ಹೋಲಿಸಿ ನೋಡಿತ್ತು. ಅಷ್ಟೇ ವರ್ಷ ಓಡಿಸಿದ್ದರೂ ಅವರಲ್ಲಿ ಆ ಬದಲಾವಣೆ ಇರಲಿಲ್ಲ. ನಕಾಶೆ ಬೆಳೆಯುವುದು ಬರೀ ಓಡಾಡಿದ್ದರಿಂದ ಅಲ್ಲ, ದಾರಿಯನ್ನು ತಾನೇ ಯೋಚಿಸಿ ಹುಡುಕಿದ್ದರಿಂದ ಎಂದಾಯಿತು.

ಹಳೇ ದಾರಿ, ಹೊಸ ದಾರಿ

ಮೊಮ್ಮಗಳ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 1999ರ ಒಂದು ಅಧ್ಯಯನದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದರು. ವಿಜ್ಞಾನಿಗಳು ಅವರನ್ನು ಇ.ಪಿ. ಎಂದಷ್ಟೇ ಕರೆದರು. ಸೋಂಕಿನಿಂದ ಮೆದುಳಿಗೆ ಜ್ವರವೇರಿ ಅವರ ಎರಡೂ ಹಿಪೊಕ್ಯಾಂಪಸ್ ನಾಶವಾಗಿದ್ದವು. ಕಾಯಿಲೆಯ ನಂತರ ಬಂದು ನೆಲೆಸಿದ ಬಡಾವಣೆಯ ಒಂದು ದಾರಿಯನ್ನೂ ಅವರು ಹೇಳಲಾರರು. ಆದರೆ ಹುಡುಗನಾಗಿ ಬೆಳೆದ ಊರಿನ ದಾರಿಗಳನ್ನು, ಅಲ್ಲಿಯೇ ಬೆಳೆದ ಆರೋಗ್ಯವಂತರಷ್ಟೇ ಚೆನ್ನಾಗಿ ಹೇಳಿದರು. "ಆ ಮುಖ್ಯ ರಸ್ತೆ ಮುಚ್ಚಿದ್ದರೆ?" ಎಂದು ಕೇಳಿದರೆ ಬಳಸುದಾರಿಯನ್ನೂ ಹೇಳಿದರು!

ಅಂದರೆ ಹೊಸ ನಕಾಶೆ ಬರೆಯಲು ಹಿಪೊಕ್ಯಾಂಪಸ್ ಬೇಕೇ ಬೇಕು. ಎಂದೋ ಬರೆದು ಒಣಗಿದ ನಕಾಶೆ ಮೆದುಳಿನ ಬೇರೆ ಭಾಗಗಳಲ್ಲಿ ಭದ್ರವಾಗಿರುತ್ತದೆ. ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮೊದಮೊದಲು ಸೊರಗುವ ಜಾಗಗಳಲ್ಲಿ ಒಂದು ಯಾವುದು ಗೊತ್ತೇ? ರಂಗೋಲಿ ಚುಕ್ಕಿ ಇಡುವ ಆ ಪಡಸಾಲೆಯೇ. ಹಾಗಾಗಿ ಕೆಲವರಲ್ಲಿ ಹೊಸ ಜಾಗದಲ್ಲಿ ದಾರಿ ತಪ್ಪುವುದು ಬೇಗನೆ ಕಾಣಿಸಿಕೊಳ್ಳುತ್ತದೆ.

ಇಷ್ಟು ಓದಿದ ಮೇಲೆ ನಾವು ಸುಮ್ಮನಿರಲಿಲ್ಲ. ನರರೋಗ ವೈದ್ಯರ ಹತ್ತಿರ ಹೋದೆವು. ದಾರಿ ತಪ್ಪಿದವರಿಗೆಲ್ಲ ಅಲ್‌ಝೈಮರ್ ಎಂದಲ್ಲ. ಬಿ12 ಕೊರತೆ, ಥೈರಾಯ್ಡ್, ನಿದ್ದೆಯ ತೊಂದರೆ, ಮನಸ್ಸಿನ ಕುಗ್ಗು, ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರಬಹುದು. ಇವುಗಳಲ್ಲಿ ಹಲವಕ್ಕೆ ಮದ್ದಿದೆ. ಆದ್ದರಿಂದ ವಯಸ್ಸಾಯಿತಲ್ಲ ಎಂದು ತಳ್ಳಿಹಾಕದೆ ತೋರಿಸಬೇಕು. ನಮ್ಮವರಿಗೆ ಬಿ12 ಕಡಿಮೆ ಇತ್ತು, ಚುಚ್ಚುಮದ್ದು ಕೊಟ್ಟರು. ಆದರೆ ಕಾರಣ ಅದೊಂದೇ ಅಲ್ಲ, ಮರೆವಿನ ಕಾಯಿಲೆಯ ಮೊದಲ ಹಂತ ಎಂದೂ ಹೇಳಿದರು.

ಅವತ್ತು ಮನೆಗೆ ಬಂದು ಅವರೆದುರು ಕೂತೆ. "ರೀ, ಅವತ್ತು ನಾನು ರೇಗಬಾರದಿತ್ತು. ನಿಮ್ಮ ಗಮನ ಸರಿಯಾಗೇ ಇತ್ತು. ದಾರಿ ಬರಕೊಳ್ಳೋ ಪುಸ್ತಕದ ಹಾಳೆ ನೆನೆದಿದೆ, ಅಷ್ಟೆ" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಹಾಗಾದ್ರೆ ತಪ್ಪು ನಂದಲ್ಲ ಅನ್ನು" ಎಂದು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರು.

ದೀಪಾವಳಿಗೆ ಊರಿಗೆ ಹೋಗಿದ್ದೆವು. ಅಜ್ಜ ಮುಂದೆ, ಮೊಮ್ಮಗಳು ಹಿಂದೆ, ನಾನು ಕೊನೆಗೆ. ತೋಟದ ಅಂಚು, ದರೆಯ ಪಕ್ಕದ ಕಾಲುದಾರಿ, ಹಳ್ಳ. ಎಲ್ಲಿಯೂ ನಿಲ್ಲಲಿಲ್ಲ, ಯಾರನ್ನೂ ಕೇಳಲಿಲ್ಲ. ಒಂದು ಕಡೆ ಕಾಲೆತ್ತಿ ಏನನ್ನೋ ದಾಟಿದರು. ಅಲ್ಲಿ ಏನೂ ಇರಲಿಲ್ಲ. "ಇಲ್ಲಿ ಉಣುಗೋಲಿತ್ತು" ಎಂದರು. ಮೊಮ್ಮಗಳೂ ಕಾಲೆತ್ತಿ ದಾಟಿದಳು. ನಾನೂ ದಾಟಿದೆ.

ಬೆಂಗಳೂರಿನಲ್ಲಿ ಈಗ ಅವರ ಕೊರಳಲ್ಲಿ ಮನೆಯ ವಿಳಾಸ, ಫೋನ್ ನಂಬರಿನ ಕಾರ್ಡು ಇದೆ. ಮೊಮ್ಮಗಳು ದೊಡ್ಡ ಅಕ್ಷರದಲ್ಲಿ ಬರೆದ ನಕಾಶೆ ಬಾಗಿಲ ಹಿಂದೆ ಇದೆ: ಗೇಟು, ಎಳನೀರಿನವನು, ಬೇಕರಿ, ಗಣಪತಿ ಗುಡಿ, ಸೊಪ್ಪಿನಂಗಡಿ. ದಿನಾ ಸಂಜೆ ಇಬ್ಬರೂ ಕೈಹಿಡಿದು ಹೋಗುತ್ತಾರೆ. ಪ್ರತಿ ತಿರುವಿನಲ್ಲೂ ಅವಳು ಕೇಳುತ್ತಾಳೆ, "ಅಜ್ಜ, ಈಗ ಯಾವ ಕಡೆ?" ಕೆಲವು ದಿನ ಸರಿಯಾಗಿ ಹೇಳುತ್ತಾರೆ. ಕೆಲವು ದಿನ ಬೇಕರಿ ಮುಂದೆ ನಿಂತುಬಿಡುತ್ತಾರೆ. ಆಗ ಅವಳೂ ನಿಲ್ಲುತ್ತಾಳೆ, ಅವಸರ ಮಾಡುವುದಿಲ್ಲ.

ಕೊತ್ತಂಬರಿ ಬಾಡುವ ಮೊದಲು ಮನೆಗೆ ಬರುತ್ತದೆ.

ಅಜ್ಜ ಅಜ್ಜಿಯ ಜೊತೆ ಮಾಡಿ ನೋಡಿ

ಎರಡು ಬಿಳಿ ಹಾಳೆ ತೆಗೆದುಕೊಳ್ಳಿ. ನೀವು ನಿಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯನ್ನು ಫೋನ್ ನೋಡದೆ ಬರೆಯಿರಿ. ಅಜ್ಜನೋ ಅಜ್ಜಿಯೋ ತಾವು ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ದಾರಿಯನ್ನು ಬರೆಯಲಿ. ಮರ, ಬಾವಿ, ಅಂಗಡಿ, ನಾಯಿ ಇದ್ದ ಮನೆ, ಎಲ್ಲವನ್ನೂ ಗುರುತು ಹಾಕಿ. ಯಾರ ನಕಾಶೆಯಲ್ಲಿ ಹೆಚ್ಚು ಗುರುತುಗಳಿವೆ ಎಂದು ಎಣಿಸಿ. ಆಮೇಲೆ ನಿಮ್ಮ ದಾರಿಯಲ್ಲಿ ಒಂದು ದಿನ ನಿಧಾನವಾಗಿ ನಡೆದು, ಬಿಟ್ಟುಹೋದದ್ದನ್ನು ಸೇರಿಸಿ. ಅಜ್ಜ ಅಜ್ಜಿಯ ಹಾಳೆಯನ್ನು ಜೋಪಾನವಾಗಿ ಎತ್ತಿಡಿ. ಆ ದಾರಿಯ ನಕಾಶೆ ಬೇರೆಲ್ಲಿಯೂ ಸಿಗುವುದಿಲ್ಲ.