ಬೂದಿ, ಹುಣಸೆಹಣ್ಣು ಮತ್ತು ನಾಲ್ಕು ಸಾವಿರ ಪಾತ್ರೆಗಳು

ಅಹ್ಮದಾಬಾದಿನ ವಟ್ವಾದಲ್ಲಿರುವ ತಂಗಿಯ ಮನೆಗೆ ಪಾತ್ರೆ ತೊಳೆಯುವ ಮೆಷಿನ್ ಬಂದ ವಾರವೇ ನಾನು ಅಲ್ಲಿಗೆ ಹೋಗಿದ್ದೆ. ಅಮ್ಮ ಕೊಟ್ಟ ಹಿತ್ತಾಳೆ ತಪ್ಪಲೆಯನ್ನು ಕೈಯಲ್ಲಿ ಹಿಡಿದು ಅವಳು ಅದರ ಮುಂದೆ ನಿಂತಿದ್ದಳು. "ಅಕ್ಕಾ, ಹಿತ್ತಾಳೆ, ತಾಮ್ರ ಹಾಕಬೇಡಿ ಅಂತ ಬರೆದಿದೆ. ಕಪ್ಪಾಗುತ್ತಂತೆ." ತಪ್ಪಲೆ ಅಟ್ಟಕ್ಕೆ ಹೋಯಿತು. ಮರುದಿನ ಸಂಜೆ ಅವಳನ್ನು ಹೊರಡಿಸಿಕೊಂಡು ನಾನು 'ವಿಚಾರ್' ಎಂಬ ಪಾತ್ರೆಗಳ ಸಂಗ್ರಹಾಲಯ ನೋಡಲು ಹೋದೆ.

ವಟ್ವಾದ ಜಿಐಡಿಸಿ ಕೈಗಾರಿಕಾ ಪ್ರದೇಶ ಅಂದರೆ ಬಣ್ಣ, ರಾಸಾಯನಿಕ, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ಊರು. ಅಲ್ಲಿಂದ ನಾರೋಲ್ ದಾಟಿ, ಪಿರಾಣಾದ ಕಸದ ಗುಡ್ಡದ ಪಕ್ಕದಲ್ಲಿ ಹಾದು, ಶಾಸ್ತ್ರಿ ಸೇತುವೆಯ ಮೇಲೆ ಸಾಬರಮತಿ ದಾಟಿದರೆ ವಾಸಣಾ ಕಡೆಯ ವಿಶಾಲಾ ಸಿಗುತ್ತದೆ. 1978ರಲ್ಲಿ ಸುರೇಂದ್ರ ಪಟೇಲ್ ಇದನ್ನು ಹಳ್ಳಿಯ ಮಾದರಿಯ ಊಟದ ಮನೆಯಾಗಿ ಕಟ್ಟಿದರು. ಸಾಮಾನು ಹುಡುಕಲು ಊರೂರು ತಿರುಗುವಾಗ, ತಲೆಮಾರುಗಳಿಂದ ಬಳಸಿದ ಪಾತ್ರೆಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ ಕುಲುಮೆಯಲ್ಲಿ ಕರಗುತ್ತಿರುವುದನ್ನು ಅವರು ಕಂಡರು. ಸ್ಟೀಲ್ ಬಂದಿತ್ತು, ಹಿತ್ತಾಳೆ ಯಾರಿಗೂ ಬೇಡವಾಗಿತ್ತು. ಅವರು ಒಂದೊಂದಾಗಿ ಉಳಿಸಿಕೊಳ್ಳತೊಡಗಿದರು. 1981ರಲ್ಲಿ ಅದೇ ಆವರಣದಲ್ಲಿ ಪಾತ್ರೆಗಳ ವಸ್ತುಸಂಗ್ರಹಾಲಯ ತೆರೆಯಿತು. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು 'ವಿಚಾರ್' ಎಂದು ಕರೆದರು. ಕಲಾ ಇತಿಹಾಸಕಾರ ಜ್ಯೋತೀಂದ್ರ ಜೈನ್ ಈ ಸಂಗ್ರಹವನ್ನು ಪರಿಚಯಿಸುವ ಪುಸ್ತಕವನ್ನೇ 1984ರಲ್ಲಿ ಬರೆದಿದ್ದಾರೆ. ಈಗ ಅಲ್ಲಿರುವುದು ನಾಲ್ಕು ಸಾವಿರಕ್ಕೂ ಹೆಚ್ಚು ಪಾತ್ರೆ, ಪರಿಕರಗಳು.

ಹಳೆಯ ಸಾಮಾನನ್ನು ತೂಕಕ್ಕೆ ಹಾಕುವುದನ್ನು ನಾವು ಗುಜರಿಗೆ ಹಾಕುವುದು ಅನ್ನುತ್ತೇವಲ್ಲ, ಅಹ್ಮದಾಬಾದಿನಲ್ಲಿ ಗುಜರಿ ಬಜಾರ್ ಅಂದರೆ ನದಿದಂಡೆಯ ಭಾನುವಾರದ ಸಂತೆ. ಸುಲ್ತಾನ ಅಹ್ಮದ್ ಶಾಹನ ಕಾಲದಿಂದ, 1414ರಿಂದ ನಡೆದುಬಂದಿದೆ ಎಂಬುದು ಊರಿನವರ ನಂಬಿಕೆ. ಅಲ್ಲಿ ಹಳೆಯದು ಇನ್ನೊಬ್ಬರ ಮನೆ ಸೇರುತ್ತದೆ. ಈ ಊರಿನಲ್ಲೇ ಪಾತ್ರೆಗಳಿಗೊಂದು ಸಂಗ್ರಹಾಲಯ ಹುಟ್ಟಿದ್ದು ನನಗಂತೂ ಸಹಜವಾಗಿ ಕಂಡಿತು.

ಮಣ್ಣು ಮೆತ್ತಿದ ಗೋಡೆ, ಮರದ ಕಂಬ, ಮಂದ ಬೆಳಕು. ಒಳಗೆ ಕಾಲಿಟ್ಟರೆ ಮೊದಲು ಹತ್ತಿರವಾಗುವುದು ಹೆಸರುಗಳು. ಅವರ ತಪೇಲಿ ನಮ್ಮ ತಪ್ಪಲೆ, ಅವರ ಹಾಂಡೊ ನಮ್ಮ ಹಂಡೆ, ಅವರ ಘಡೊ ನಮ್ಮ ಗಡಿಗೆ. ಅವರ ಸೂಡಿ ನಮ್ಮ ಅಡಕತ್ತರಿ. ಬಗೆಬಗೆಯ ಆಕಾರದ ಸೂಡಿಗಳನ್ನು ನೋಡುತ್ತ ತಂಗಿ ಬಹಳ ಹೊತ್ತು ನಿಂತಳು. ನಾನು ನಿಂತದ್ದು ನೀರಿನ ಪಾತ್ರೆಗಳ ಮುಂದೆ. ಊದಿದ ಹೊಟ್ಟೆ, ಸಣ್ಣ ಕಂಠ, ಅಗಲವಾಗಿ ಹೊರಚಾಚಿದ ಬಾಯಿ. ನೀರು ತುಳುಕದಿರಲಿ ಎಂದು ಕಂಠ ಸಣ್ಣದು, ಸೊಂಟಕ್ಕೆ ಒರಗಲಿ ಎಂದು ಹೊಟ್ಟೆ ಗುಂಡಗೆ, ಹಗ್ಗದ ಕುಣಿಕೆ ಜಾರದಿರಲಿ ಎಂದು ಬಾಯಿಗೆ ಅಂಚು. ಹಾಗಿದ್ದರೆ ಒಳಗೆ ತೊಳೆಯುವುದು ಹೇಗೆ?

ಇದೇ ಪ್ರಶ್ನೆಯನ್ನು ಕೇಳಿದ ದೊಡ್ಡವರಿದ್ದಾರೆ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. 1961ರಲ್ಲಿ ಅಹ್ಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಫಲ. ಆ ವರದಿ ಮನಸೋತದ್ದು ನಮ್ಮ ಲೋಟಾಕ್ಕೆ, ಅಂದರೆ ತಂಬಿಗೆಗೆ. ಒಬ್ಬ ವ್ಯಕ್ತಿ ಕೂತು ರೂಪಿಸಿದ್ದಲ್ಲ ಅದು, ತಲೆಮಾರುಗಳು ತಿದ್ದಿದ್ದು ಎಂದು ಅವರು ಕಂಡುಕೊಂಡರು. ತಂಬಿಗೆ ಮಾಡಲು ಹೊರಟವರು ಏನೇನು ಯೋಚಿಸಬೇಕು ಎಂಬ ಅವರ ಪಟ್ಟಿಯಲ್ಲಿ ತೂಕ, ಸಮತೋಲ, ನೀರು ಸುರಿಯುವ ಬಗೆಯ ಜೊತೆಗೆ ಬಾಯಿಯ ಅಗಲವೂ ಒಳಮೈಯ ತಿರುವೂ ತೊಳೆಯಲು ಹೇಗೆ ಒದಗಬೇಕೆಂಬುದೂ ಇದೆ. ಅಡುಗೆಮನೆಯ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುವ ಹೆಂಗಸಿನ ಕೈಯನ್ನು ವಿನ್ಯಾಸದ ಲೆಕ್ಕಕ್ಕೆ ತೆಗೆದುಕೊಂಡರಲ್ಲ, ಅದಕ್ಕಾಗಿ ನನಗೆ ಆ ವರದಿಯ ಮೇಲೆ ಪ್ರೀತಿ.

ಕೈ ಹೋಗದ ಕಂಠದ ಪಾತ್ರೆಗೆ ನಮ್ಮ ಮನೆಯಲ್ಲಿ ಹುಣಸೆ ಹಿಂಡಿದ ನೀರು, ಒಂದು ಹಿಡಿ ಮರಳು ಹಾಕಿ, ಬಾಯಿಗೆ ಅಂಗೈ ಒತ್ತಿ ಗಲಗಲ ಕುಲುಕುತ್ತಿದ್ದರು. ಜಿಡ್ಡಿಗೆ ಒಲೆಯ ಬೂದಿ. ಬೂದಿಯಲ್ಲಿರುವ ಕ್ಷಾರ ಎಣ್ಣೆಯ ಜೊತೆ ಸೇರಿ ಸಾಬೂನಿನ ಹಾಗೆ ಕೆಲಸ ಮಾಡುತ್ತದೆ. ನೊರೆ ಬರುವುದಿಲ್ಲ, ಅಷ್ಟೇ. ಹಿತ್ತಾಳೆಯ ಕಪ್ಪಿಗೆ ಹುಣಸೆಹಣ್ಣು, ಉಪ್ಪು: ಹುಳಿ ಕಪ್ಪನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಬಲ ಕೊಡುತ್ತದೆ. ತೆಂಗಿನ ನಾರಿನಿಂದ ನಾಲ್ಕು ಸುತ್ತು ತಿಕ್ಕಿ ನೀರು ಹೊಯ್ದರೆ ಒಳಗಿನ ಹೊಂಬಣ್ಣ ಹೊರಬರುತ್ತದೆ. ನೀರು ಕಡಿಮೆ ಇರುವ ಕಡೆ ಒಣ ಬೂದಿಯಲ್ಲೇ ತಿಕ್ಕಿ ಬಟ್ಟೆಯಲ್ಲಿ ಒರೆಸುವುದುಂಟು.

ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆ. ಅದಕ್ಕೇ ಕಲಾಯಿ. ಕಲಾಯಿಯವನು ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ, ನವಸಾಗರದ ಪುಡಿ ಎರಚುತ್ತಾನೆ. ಬಿಳಿಯ ಹೊಗೆ ಘಾಟು ಎಬ್ಬಿಸುತ್ತದೆ, ಲೋಹದ ಮೈ ಶುಚಿಯಾಗುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಬೇಕು. ತವರ ಕರಗುವುದು 232 ಡಿಗ್ರಿಗೆ. ಕರಗಿದ ಕ್ಷಣದಲ್ಲೇ ಅರಳೆಯಿಂದ ಸರ‍್ರನೆ ಒಳಗೆಲ್ಲ ಸವರಬೇಕು. ಹಳದಿ ಹೊಟ್ಟೆ ಬೆಳ್ಳಗೆ ಹೊಳೆಯುತ್ತದೆ. ಒಂದಿಷ್ಟು ತಿಂಗಳಲ್ಲಿ ಮತ್ತೆ ಸವೆಯುತ್ತದೆ, ಮತ್ತೆ ಅವನನ್ನು ಕರೆಯಬೇಕು. ಗುಜರಾತಿನ ಕನ್ಸಾರರು, ನಮ್ಮ ಬೋಗಾರರು, ಕಂಚುಗಾರರು ಬಡಿದು ಮಾಡಿದ ಪಾತ್ರೆಯನ್ನು ಬಾಳಿಸಿದವರು ಈ ಕಲಾಯಿಯವರು.

ಪಾತ್ರೆ ತೊಳೆಯುವ ಮೆಷಿನ್ನಿಗೂ ಹೀಗೆ ಮನಸೋತ ಜನರಿದ್ದಾರೆ. ಅಮೆರಿಕದ ಇಲಿನಾಯ್ಸ್‌ನ ಜೋಸೆಫಿನ್ ಕಾಕ್ರೇನ್ ತನ್ನ ಪಿಂಗಾಣಿ ತಟ್ಟೆಗಳು ತೊಳೆಯುವಾಗ ಚೂರಾಗುತ್ತವೆಂಬ ಸಂಕಟಕ್ಕೆ ಯಂತ್ರ ಮಾಡಿ 1886ರಲ್ಲಿ ಪೇಟೆಂಟ್ ಪಡೆದಳು. 1893ರ ಶಿಕಾಗೋ ಮೇಳದಲ್ಲಿ ಅದನ್ನು ಪ್ರದರ್ಶಿಸಿದಳು. ತಟ್ಟೆ, ಬಟ್ಟಲುಗಳ ಅಳತೆ ತೆಗೆದು ತಂತಿಯ ಗೂಡು ಹೆಣೆದವಳು ಅವಳು. 1929ರಲ್ಲಿ ಜರ್ಮನಿಯ ಮೀಲೆ ಮಾಡಿದ ವಿದ್ಯುತ್ ಯಂತ್ರಕ್ಕೆ ಮುಚ್ಚಳ ಮೇಲೆ, ನೀರು ಎರಚುವ ರೆಕ್ಕೆ ತಳದಲ್ಲಿ. ಗಾಲಿಯ ಮೇಲೆ ಉರುಳಿಸಿ ತಂದು ನಲ್ಲಿಗೆ ಪೈಪು ಸಿಕ್ಕಿಸುವ ಮಾದರಿಗಳೂ ಬಂದವು. ಇಂಥವನ್ನು ಹುಡುಕಿ ತಂದು, ರಿಪೇರಿ ಮಾಡಿ, ನೀರು ಬಿಟ್ಟು ಓಡಿಸುವ ಸಂಗ್ರಾಹಕರ ಸಂತೋಷ ನನಗೆ ಅರ್ಥವಾಗುತ್ತದೆ. ಅಲ್ಲಿ ಯಂತ್ರ ತಟ್ಟೆಯ ಅಳತೆಗೆ ಬಗ್ಗಿತು. ನಮ್ಮಲ್ಲಿ ಪಾತ್ರೆಯೇ ಕೈಯ ಅಳತೆಗೆ ಬಗ್ಗಿ ಬಂದಿತ್ತು.

ವಿಶಾಲಾದ ಊಟಕ್ಕೆ ನೆಲದ ಮೇಲೆ ಕೂತೆವು. ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ತಂಗಿ ಮಾತು ಕಡಿಮೆ ಮಾಡಿದ್ದಳು. ಮನೆಗೆ ಬಂದವಳೇ ಸ್ಟೂಲು ಹಾಕಿ ಅಟ್ಟದಿಂದ ತಪ್ಪಲೆ ಇಳಿಸಿದಳು. ಹುಣಸೆಹಣ್ಣು ನೆನೆಹಾಕಿ, ಸಿಂಕಿನಲ್ಲಿ ಜಾಗ ಸಾಲದೆ ಬಚ್ಚಲಿಗೆ ಒಯ್ದು ಕೂತಳು. ಮೊದಲು ತಳ, ಆಮೇಲೆ ಹೊಟ್ಟೆ, ಕೊನೆಗೆ ಅಂಚು. ಅಮ್ಮ ತಿಕ್ಕುತ್ತಿದ್ದ ಕ್ರಮವೇ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಜ್ಜಿಯ ಹೆಸರು ಮೇಲೆದ್ದಿತು. ಮೊದಲ ಎರಡು ಅಕ್ಷರ ಬೆರಳಿಗಷ್ಟೇ ತಗಲುತ್ತಿತ್ತು, ಕಣ್ಣಿಗೆ ಕಾಣುವಂತಿರಲಿಲ್ಲ. ತಪ್ಪಲೆ ಹಿಡಿದುಕೊಳ್ಳುವಾಗ ಬಲಗೈ ಉಜ್ಜುವ ಜಾಗ ಅದು.